ಮಡಚದ ಮಂಡಿ

ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ವರ್ಷವೇ ನಾನು ಮೂಳೆ ಡಾಕ್ಟರಾಗುತ್ತೇನೆ ಎಂದು ಸಾರಿಬಿಟ್ಟಿದ್ದೆ. ಕೇಳಿದವರಿಗೆಲ್ಲ ನಗು. ಆ ವಿಭಾಗದ ಮೇಷ್ಟ್ರೊಬ್ಬರು ನನ್ನ ಕೈ ನೋಡಿ, "ಸುತ್ತಿಗೆ ಎತ್ತೋಕಾಗುತ್ತೇನಮ್ಮ ಇದರಲ್ಲಿ? ಹೆರಿಗೆ ವಿಭಾಗ ನೋಡ್ಕೊ" ಎಂದರು. ನಾನು ಸಂಜೆಯ ರೈಲಿಗೆ ಓಡಿದೆ. ಬೆಳಿಗ್ಗೆ ನಂಜನಗೂಡಿನಲ್ಲಿ ರೈಲು ಹತ್ತಿ, ಮೈಸೂರಿನಲ್ಲಿ ಇಳಿದು, ದಿನವಿಡೀ ಹೆಣ ಕೊಯ್ಯುವ ಕೋಣೆಯ ಫಾರ್ಮಲಿನ್ ವಾಸನೆಯಲ್ಲಿ ನಿಂತು, ಸಂಜೆ ಮತ್ತೆ ರೈಲಿನ ಬಾಗಿಲ ಬಳಿ ನಿಂತುಕೊಂಡೇ ಮನೆಗೆ ಬರುವವಳು ನಾನು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳು ನನಗೆ ನೆನಪಿರುವುದೇ ಕಾಲುನೋವಿನಿಂದ.

ಮೂಳೆಯ ಹುಚ್ಚು ಹತ್ತಿದ್ದು ಅಜ್ಜಿಯಿಂದ. ಅಜ್ಜಿ ಎಂದರೆ ಅಪ್ಪನ ತಾಯಿ. ನಾನು ಪಿಯುಸಿಯಲ್ಲಿದ್ದಾಗ, ತಿ. ನರಸೀಪುರದಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಹೋದವಳು ಬಚ್ಚಲಲ್ಲಿ ಜಾರಿ ಬಿದ್ದು ಎಡತೊಡೆಯ ಬುಡ ಮುರಿದುಕೊಂಡಳು. ಆಸ್ಪತ್ರೆಯಲ್ಲಿ, ಎದೆ ದುರ್ಬಲ, ಆಪರೇಷನ್ ತಡೆಯುವುದಿಲ್ಲ ಎಂದರು. ಅತ್ತೆ ಅಷ್ಟಕ್ಕೆ ಬಿಡುವವಳಲ್ಲ, ಆ ಕಡೆಯ ಮೂಳೆ ಕಟ್ಟುವವರೊಬ್ಬರನ್ನು ಮನೆಗೇ ಕರೆಸಿದಳು. ಅವರು ಬೇರಿನ ಲೇಪ ಹಚ್ಚಿ, ಸೊಂಟದಿಂದ ಹಿಮ್ಮಡಿಯವರೆಗೆ ಬಿದಿರು ದಬ್ಬೆ ಇಟ್ಟು ಬಿಗಿದು, ಅಲುಗಾಡಿಸಬೇಡಿ ಎಂದು ಹೇಳಿ ಹೋದರು. ಅತ್ತೆ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ತಿಂಗಳುಗಟ್ಟಲೆ ಅಲುಗಾಡಿಸಲಿಲ್ಲ. ಕಟ್ಟು ಬಿಚ್ಚಿದಾಗ ಮುರಿದದ್ದು ಕೂಡಿರಲಿಲ್ಲ. ಮುರಿಯದೇ ಇದ್ದ ಮಂಡಿ ಮಾತ್ರ ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು.

ಅಂಥ ಅಜ್ಜಿಯನ್ನು ನಂಜನಗೂಡಿಗೆ ತಂದು ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದೆವು. ಸೀನಿಯರ್ ಒಬ್ಬರಿಂದ ಓದುವುದಕ್ಕೆಂದು ನಾನು ತಂದ ಮೂಳೆಗಳ ಚೀಲಕ್ಕೆ ಜಾಗ ಸಿಕ್ಕಿದ್ದೂ ಆ ಕೋಣೆಯಲ್ಲೇ. ಅವ್ವ ಅದನ್ನು ಹೊಸಿಲು ದಾಟಿಸಲು ಬಿಟ್ಟಿರಲಿಲ್ಲ. ಲಿಂಗ ಕಟ್ಟಿದವರ ಮನೆಗೆ ಯಾರದೋ ಹೆಣದ ಮೂಳೆಯೇ ಎಂದು ಕೂಗಾಡುತ್ತಿದ್ದಾಗ ಅಜ್ಜಿ ಒಳಗಿನಿಂದ, "ನನ್ ಮಂಚದ್ ಕೆಳೀಕ್ ತಳ್ಳವ್ವ. ನಾನೂ ಅರ್ಧ ಅದೇ ಅಲ್ವಾ" ಎಂದಳು. ಅವ್ವ ದಾರಿ ಬಿಟ್ಟಳು. ನಾನು ತೊಡೆಮೂಳೆಯನ್ನು ಅಜ್ಜಿಯ ಕೈಗೆ ಕೊಟ್ಟು, ನಿನ್ನದು ಮುರಿದಿರುವುದು ಇಲ್ಲಿ ಎಂದು ತೋರಿಸಿದರೆ, ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಎಣ್ಣೋ ಗಂಡೋ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಓದು ಮುಗಿಸಿ ನಿನ್ನನ್ನು ನಡೆಸುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ಅಜ್ಜಿ ನಕ್ಕಳು.

"ನಡ್ದು ಎಲ್ಗೋಗ್ಲಿ ಮಗ? ನೀ ಓದಿ ಮುಗ್ಸೋಗಂಟ ನಾ ಇರೋದೂ ಇಲ್ಲ. ಸತ್ ಮ್ಯಾಲೆ ಕೂರುಸ್ತಾರಲ್ಲ, ಆವಾಗ ಈ ಕಾಲು ಮಡುಸ್ಬೇಕು. ಅಷ್ಟ್ ಮಾಡ್ಕೊಡು."

ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ, ಹೂಳುತ್ತೇವೆ; ಅದೂ ಮಲಗಿಸಿ ಅಲ್ಲ. ಉಸಿರು ನಿಂತ ಮೇಲೆ, ಮೈ ಬಿಗಿಯುವ ಮೊದಲೇ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಾಗೆ ಕೂತೇ ಚೌಕದ ಗುಂಡಿಗೆ ಇಳಿಯಬೇಕು. ತಾತ ನಮ್ಮ ಹಳ್ಳಿ ಹೆಮ್ಮರಗಾಲದ ಹೊಲದಲ್ಲಿ ಹಾಗೆಯೇ ಕೂತಿದ್ದ. ಅವನ ಪಕ್ಕದಲ್ಲಿ ತಾನು ಕಾಲು ಚಾಚಿಕೊಂಡು ಹೋದರೆ ಗುಂಡಿಯನ್ನು ಉದ್ದಕ್ಕೆ ತೋಡಿ ಮಲಗಿಸುತ್ತಾರೆ, ಇಲ್ಲವೇ ಗಂಡಸರು ಸೇರಿ ಮಂಡಿಯನ್ನೇ ಮುರಿಯುತ್ತಾರೆ. ಅಜ್ಜಿಗೆ ಎರಡೂ ಬೇಡ. ಸಾವಿಗೆ ಹೆದರದ ಹೆಂಗಸು ಇದನ್ನು ಹೇಳುವಾಗ ಕಣ್ಣಲ್ಲಿ ನೀರು ತಂದುಕೊಂಡಳು.

ನನಗೆ ಸಿಟ್ಟು ಬಂತು. ನಾನು ಕನಸು ಕಂಡದ್ದೇನು, ಈ ಮುದುಕಿ ಕೇಳುತ್ತಿರುವುದೇನು! ಆದರೂ ಮೊದಲ ವರ್ಷದವರಿಗೆ ಏನೂ ಕೆಲಸವಿಲ್ಲದ ಮೂಳೆ ವಾರ್ಡಿಗೆ ಮಧ್ಯಾಹ್ನದ ಊಟ ಬಿಟ್ಟು ಹೋಗತೊಡಗಿದೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಮೊದಲು ಗದರಿದರು, ಆಮೇಲೆ ತೋರಿಸಿಕೊಟ್ಟರು. ಮೊದಲು ಬಿಸಿನೀರಿನ ಶಾಖ. ಆಮೇಲೆ ಮಂಚದ ಅಂಚಿಗೆ ಕೂರಿಸಿ ಕಾಲನ್ನು ಅದರ ಭಾರಕ್ಕೇ ಇಳಿಬಿಡುವುದು. ಒಂದು ಕೈಯಲ್ಲಿ ತೊಡೆಯನ್ನು ಭದ್ರವಾಗಿ ಹಿಡಿದು ಇನ್ನೊಂದರಲ್ಲಿ ಹಿಮ್ಮಡಿಯನ್ನು ತುಸುತುಸುವೇ ಒತ್ತುವುದು. ಜೋರು ಮಾಡಬೇಡ, ಟೊಳ್ಳಾದ ಮೂಳೆ, ಇನ್ನೊಂದು ಕಡೆ ಮುರಿದೀತು ಎಂದರು.

ಅಲ್ಲಿಗೆ ನನ್ನ ಸಂಜೆಗಳ ಕಥೆ ಮುಗಿಯಿತು. ರೈಲಿಳಿದು ಬಂದು, ಕಾಲು ತೊಳೆದು, ಕಾಫಿ ಕುಡಿದು ಅಜ್ಜಿಯ ಮುಂದೆ ಕೂರುವುದು. ಹಲ್ಲು ಕಚ್ಚಿ ತಡೆದುಕೊಳ್ಳೋಣವೆಂದರೆ ಅವಳಿಗೆ ಹಲ್ಲಿರಲಿಲ್ಲ, ಸೆರಗನ್ನು ಒಸಡಿನಲ್ಲೇ ಅಮುಕಿ ಹಿಡಿಯುತ್ತಿದ್ದಳು. ನೋವು ಮಿತಿ ಮೀರಿದರೆ ನನ್ನ ತಲೆಗೆ ಮೊಟಕುತ್ತಿದ್ದಳು. ನಾನೂ ರೇಗುತ್ತಿದ್ದೆ. ಪರೀಕ್ಷೆಯ ನೆಪದಲ್ಲಿ ಒಂದು ವಾರ ಬಿಟ್ಟರೆ ಸಾಕು, ಗಳಿಸಿದ್ದೆಲ್ಲ ಹೋಗಿ ಮಂಡಿ ಮತ್ತೆ ಬಿಗಿದುಕೊಳ್ಳುತ್ತಿತ್ತು. ಮತ್ತೆ ಮೊದಲಿನಿಂದ. ಓದುವುದು ಮರೆತುಹೋಗುತ್ತಿತ್ತು, ಊಟ ಮಾಡುತ್ತಲೇ ತೂಕಡಿಸುತ್ತಿದ್ದೆ.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಕುರ್ಚಿಯಲ್ಲಿ ಕೂತವರ ಕಾಲಿನಷ್ಟು ಬಗ್ಗಿತು. ಅಲ್ಲಿಗೆ ನಿಂತಿತು. ಏನು ತಿಪ್ಪರಲಾಗ ಹಾಕಿದರೂ ಅದರಾಚೆಗೆ ಹೋಗಲಿಲ್ಲ. "ಕುರ್ಚಿ ಮ್ಯಾಲೇ ಕೂರುಸ್ ಕಳುಸ್ಬುಡಿ ಅತ್ಲಾಗೆ" ಎಂದು ಅಜ್ಜಿ ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ. ಸೋತು ಹೋಗಿದ್ದೆ. ಪುಸ್ತಕದಲ್ಲಿ ಮಂಡಿಯ ಚಿತ್ರ ಕಂಡರೆ ಹಾಳೆ ಮಗುಚಿಬಿಡುತ್ತಿದ್ದೆ. ಒಂದು ಕಾಲಿಗೇ ಇಷ್ಟು ಸುಸ್ತಾದವಳು ಜೀವಮಾನವಿಡೀ ಇದನ್ನು ಹೇಗೆ ಮಾಡಲಿ, ಹೆರಿಗೆ ವಿಭಾಗವೇ ವಾಸಿ ಎಂದು ನಿಜವಾಗಿಯೂ ಅನ್ನಿಸಿತ್ತು. ಆದರೂ ಸಂಜೆ ಬಂದು ಕೂರುವುದನ್ನು ಬಿಡಲಾಗಲಿಲ್ಲ, ಅಜ್ಜಿ ಶಾಖಕ್ಕೆ ನೀರು ಕಾಯಿಸಿಡಲು ಅವ್ವನಿಗೆ ಹೇಳಿ ಕಾದಿರುತ್ತಿದ್ದಳು.

ಮೂರನೆಯ ವರ್ಷದ ಒಂದು ಭಾನುವಾರ ಬೆಳಿಗ್ಗೆ ಅವ್ವ ಕಾಫಿ ಕೊಡಲು ಹೋದಾಗ ಅಜ್ಜಿ ಹೋಗಿಬಿಟ್ಟಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಹಿಂದಿನ ದಿನವಷ್ಟೇ ತಿ. ನರಸೀಪುರದಿಂದ ಬಂದಿದ್ದ ಅತ್ತೆ ಗೋಳಾಡುತ್ತಿದ್ದಳು. ಹೆಮ್ಮರಗಾಲಕ್ಕೆ ಹೇಳಿಕಳಿಸಬೇಕಿದ್ದ ಅಪ್ಪ ಕೋಣೆಯ ಬಾಗಿಲಾಚೆ ನಿಂತು, "ಗುಂಡಿ ಉದ್ದಕ್ಕೆ ತೋಡುಸ್ಲಾ, ಚೌಕಕ್ಕೆ ತೋಡುಸ್ಲಾ?" ಎಂದು ನನ್ನನ್ನು ಕೇಳಿದರು. ಮನೆಯಲ್ಲಿ ಯಾರೂ ಅದುವರೆಗೆ ನನ್ನನ್ನು ಡಾಕ್ಟರ ಹಾಗೆ ಏನನ್ನೂ ಕೇಳಿರಲಿಲ್ಲ. ಸ್ವಲ್ಪ ಇರಪ್ಪ ಎಂದೆ.

ಮೈ ತೊಳೆಯುವುದು ಹೆಂಗಸರ ಕೆಲಸ. ಬಾಗಿಲು ಹಾಕಿಕೊಂಡು ಅವ್ವ, ಅತ್ತೆ, ನಾನು ಮೂವರೇ ಇದ್ದೆವು. ಬಲಗಾಲು ಸುಲಭವಾಗಿ ಮಡಚಿತು. ಎಡಗಾಲಿನ ಹತ್ತಿರ ನಾನು ಕೂತೆ. ತೊಡೆ ಹಿಡಿದು ಹಿಮ್ಮಡಿ ಒತ್ತಿದೆ. ಮಂಡಿ ದಿನವೂ ನಿಲ್ಲುತ್ತಿದ್ದ ಜಾಗಕ್ಕೆ ಬಂದು ನಿಂತಿತು. ಆದರೆ ನೋವಿಗೆ ಕಲ್ಲಾಗುತ್ತಿದ್ದ ತೊಡೆಯ ಮಾಂಸ ಈಗ ಕೈಯಡಿಯಲ್ಲಿ ಮೆತ್ತಗಿತ್ತು. ಇಷ್ಟು ದಿನ ನನ್ನನ್ನು ತಡೆದಿದ್ದರಲ್ಲಿ ಅರ್ಧ ಅವಳ ನೋವೇ ಎಂದು ಆಗ ಹೊಳೆಯಿತು. ಇನ್ನಷ್ಟು ಒತ್ತಿದೆ. ಒಳಗೆ ಅಂಟಿಕೊಂಡಿದ್ದೇನೋ ಬಿಟ್ಟುಕೊಂಡದ್ದು ಅಂಗೈಗೆ ತಿಳಿಯಿತು. ಕಾಲು ಬಗ್ಗುತ್ತಾ ಬಂತು.

"ಮೆತ್ತುಗ್ ಕಣವ್ವ," ಎಂದಳು ಅತ್ತೆ, "ನೋಯ್ತದೆ ಅವ್ವುಂಗೆ."

ನಾನು ಕೈ ಸಡಿಲಿಸಿ, ಸ್ವಲ್ಪ ಹೊತ್ತು ತಡೆದು, ಮತ್ತೆ ಮೆಲ್ಲಗೆ ಒತ್ತಿದೆ. ಎಡ ಹಿಮ್ಮಡಿ ಬಲತೊಡೆಗೆ ತಾಕಿತು. ಬಾಗಿಲು ತೆರೆಯದೆಯೇ ಅಪ್ಪನಿಗೆ ಕೂಗಿ ಹೇಳಿದೆ:

"ಚೌಕಕ್ಕೇ ತೋಡ್ಸಪ್ಪ."