ಫ್ ಎನ್ನಲು ಹಲ್ಲು ಬೇಕು
ಗೋವಿಂದರಾಜನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಓನರಮ್ಮ ಒಂದು ಬೆಳಿಗ್ಗೆ ಮಹಡಿ ಹತ್ತಿ ಬಂದು, ಸುಧಾರಿಸಿಕೊಳ್ಳುತ್ತ ಕುರ್ಚಿಯಲ್ಲಿ ಕೂತರು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳೆಂದು ಅವರಿಗೆ ಗೊತ್ತಿತ್ತು.

“ಮೇಡಂ, ಮೊಮ್ಮಗಳು ನನ್ನ ಪೇಲ್ ಮಾಡ್ಬಿಟ್ಳು,” ಎಂದರು.

ಒಂದನೇ ಕ್ಲಾಸಿನ ಆ ಮಗುವಿಗೆ ಶಾಲೆಯಲ್ಲಿ ಅಕ್ಷರದ ಹೆಸರಿಗಿಂತ ಮೊದಲು ಅದರ ಸದ್ದು ಹೇಳಿಕೊಡುತ್ತಾರೆ. ಹೋಂವರ್ಕ್ ಮಾಡಿಸಲು ಕೂತ ಅಜ್ಜಿ “ಎಪ್ಪು, ಎ, ಎನ್ನು, ಪ್ಯಾನು” ಎಂದಾಗ ಮಗು, “ಎಪ್ಪು ಅಲ್ಲಜ್ಜಿ, ಫ್. ಪ್ಯಾನೂ ಅಲ್ಲ, ಫ್ಯಾನ್” ಎಂದು ತಿದ್ದಿತ್ತಂತೆ.

“ಸೊಸೆ ಬರೋದೇ ಕತ್ತಲಾದ್ಮೇಲೆ. ಹೋಂವರ್ಕ್ ನಾನೇ ಮಾಡಿಸ್ಬೇಕು. ಆ ಸದ್ದು ನಂಗೂ ಹೇಳ್ಕೊಡಿ.”

ಅಂದೇ ಶುರು ಮಾಡಿದೆವು. ಗಂಟಲ ಮೇಲೆ ಕೈಯಿಟ್ಟು ‘ಸ್’ ಎನ್ನಿ, ಆಮೇಲೆ ದುಂಬಿಯ ಹಾಗೆ ‘ಜ಼್’ ಎನ್ನಿ ಎಂದೆ. ಎರಡನೆಯದಕ್ಕೆ ಅವರ ಕಣ್ಣರಳಿತು. “ಒಳಗೆ ಮಿಕ್ಸಿ ತಿರುಗ್ದಂಗೈತೆ,” ಎಂದು ಮತ್ತೆ ಮತ್ತೆ ತಿರುಗಿಸಿದರು. ‘ಬಸ್ಸು’ ಬಿಟ್ಟು ‘ಬಸ್’ ಎನ್ನುವುದೇ ಕಷ್ಟವಾಯಿತು. ಕೊನೆಯ ‘ಉ’ ಹೊರಬರದಂತೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

‘ಫ್’ಗೆ ಬಂದಾಗ ಪಾಠ ನಿಂತಿತು. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಗಾಳಿ ಬಿಡಿ ಎಂದೆ. ಅವರು ತುಟಿ ಎತ್ತಿ ಬರಿಯ ಒಸಡು ತೋರಿಸಿದರು.

“ಹಲ್ಲಿದ್ರೆ ತಾನೇ ಮೇಡಂ? ಸೆಟ್ಟು ಅಡುಗೆಮನೆ ಡಬ್ಬೀಲೈತೆ. ಚುಚ್ತದೆ ಅಂತ ತೆಗೆದಿಟ್ಟೆ.”

ಮಗ ಎಷ್ಟು ಬೇಡಿಕೊಂಡರೂ ಹಾಕಿಕೊಂಡಿರಲಿಲ್ಲವಂತೆ. ಆ ಸಂಜೆ ಮಗನನ್ನು ಹೊರಡಿಸಿ, ತಾವೇ ಮುಂದಾಗಿ ದಂತವೈದ್ಯರ ಹತ್ತಿರ ಹೋಗಿ, ಚುಚ್ಚುತ್ತಿದ್ದ ಅಂಚನ್ನು ಉಜ್ಜಿಸಿಕೊಂಡು ಬಂದರು. ಮರುದಿನ ತುಂಬುಬಾಯಲ್ಲಿ ನಗುತ್ತ ನನ್ನ ಬಾಗಿಲಲ್ಲಿ ನಿಂತಾಗ ಒಂದು ಕ್ಷಣ ಗುರುತೇ ಸಿಗಲಿಲ್ಲ.

ಪೇಪರಿನ ಒಂದು ಚೂರನ್ನು ಅವರ ಬಾಯಿಯ ಮುಂದೆ ಹಿಡಿದೆ. ‘ಪ’ ಎಂದಾಗ ಅದು ಒಮ್ಮೆ ಎಗರಿತು. ಹಲ್ಲು ತುಟಿಗಿಟ್ಟು ‘ಫ್’ ಎಂದಾಗ ನಿಲ್ಲದೆ ಅದುರಿತು. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಊದಿದರು. “ಫ್ಯಾನ್,” ಎಂದರು ಮೆಲ್ಲಗೆ. ಮೆಟ್ಟಿಲಿಳಿಯುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮಗನ ನಗು ಕೇಳಿಸಿತು. ಆ ವಾರ ಅವರ ಮನೆಯಲ್ಲಿ ಚಕ್ಕುಲಿ ಕರಿದರು. ನನಗೂ ಒಂದು ತಟ್ಟೆ ಬಂತು.

ಮೊಮ್ಮಗಳು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ ಪಾಸು ಮಾಡಿದಳು. ಆದರೆ ಕೆಲವೇ ದಿನಗಳಲ್ಲಿ ಅವಳ ಮೇಲ್ಸಾಲಿನ ಮುಂದಿನ ಎರಡು ಹಾಲುಹಲ್ಲು ಬಿದ್ದವು. ‘ಫಿಶ್’ ಓದಲು ಹೋಗಿ ಬರೀ ಗಾಳಿ ಬಂದಾಗ ಅವಳಿಗೆ ಅಳು.

“ಅಳಬೇಡ ಕಣೇ, ನಿನ್ ಹಲ್ಲು ತಾನಾಗೇ ಬರ್ತೈತೆ. ಅಲ್ಲೀವರ್ಗೂ ಅದೊಂದು ನಾನು ಹೇಳ್ತೀನಿ, ಮಿಕ್ಕಿದ್ದು ನೀನು ಓದು,” ಎಂದರು ಅಜ್ಜಿ.

ಈಗ ಸಂಜೆ ಹೊತ್ತು ಇಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತು ಓದುತ್ತಾರೆ. ಮಗು ಬೆರಳಿಟ್ಟು ಓದುತ್ತ ಹೋಗುತ್ತದೆ. ‘ಫ್’ ಬಂದಲ್ಲಿ ಬೆರಳು ನಿಲ್ಲುತ್ತದೆ, ಅಜ್ಜಿ ಬೀದಿಗೆಲ್ಲ ಕೇಳುವಂತೆ ಅದನ್ನು ಹೇಳುತ್ತಾರೆ.