ಮೊದಲು ಕೆಂಜಿ

ಶುಕ್ರವಾರ ಬೆಳಗ್ಗೆ ವರ್ಜೀನಿಯಾದ ಸ್ಟರ್ಲಿಂಗ್ ಬಿಟ್ಟಾಗ ಬಾಡಿಗೆ ವ್ಯಾನಿನ ತುಂಬ ಕನ್ನಡಿಗರು. ಜಪಾನಿನವನೆಂದರೆ ನನ್ನ ಆಫೀಸಿನ ಕೆಂಜಿ ಒಬ್ಬನೇ. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಫುಟ್‌ಬಾಲ್ ಪಂದ್ಯಾವಳಿಯಿತ್ತು. ತೊಂಬತ್ತರ ದಶಕದ ಮಾತು. ಗ್ಯಾಲನ್ ಪೆಟ್ರೋಲು ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಆರುನೂರು ಮೈಲಿ ದಾಟುವ ದಾರಿಯೂ ದೂರವೆನಿಸಲಿಲ್ಲ.

ಗೋಲು ಹೊಡೆಯುವ ಸತೀಶನೆಂದರೆ ನಮ್ಮ ಹೆಂಡತಿ ಮಕ್ಕಳಿಗೆ ಪ್ರಾಣ. ಹಿಂದೆ ನಿಂತು ಗೋಲು ಕಾಯುವ ಡಿಫೆಂಡರ್ ಕೆಂಜಿಯ ಹೆಸರೂ ಅವರಿಗೆ ನೆನಪಿರುತ್ತಿರಲಿಲ್ಲ. ಆದರೆ ಶನಿವಾರಗಳಂದು ನಮ್ಮನಮ್ಮಲ್ಲೇ ಆಡಲು ನಾನೂ ಹುಬ್ಬಳ್ಳಿಯ ಬಸವರಾಜನೂ ಕ್ಯಾಪ್ಟನ್ನರಾಗಿ ಎದುರುಬದುರು ನಿಂತು ಆಟಗಾರರನ್ನು ಹಂಚಿಕೊಳ್ಳುವಾಗ, ಟಾಸ್ ಗೆದ್ದವನು ಮೊದಲು ಕರೆಯುತ್ತಿದ್ದುದು ಕೆಂಜಿಯನ್ನೇ. ಎರಡನೆಯ ಕರೆ ಸತೀಶನಿಗೆ. ಹೀಗಾಗಿ ಅವರಿಬ್ಬರೂ ಸದಾ ಎದುರಾಳಿಗಳು, ಸತೀಶನ ಮೂತಿ ಸದಾ ದಪ್ಪ.

ತಿಂಗಳ ಕೊನೆಗೆ ಕೆಂಜಿ ಜಪಾನಿಗೆ ಶಾಶ್ವತವಾಗಿ ಮರಳುವವನಿದ್ದ. ಅದಕ್ಕೆ ಮೊದಲು ನಮಗೊಂದು ಕಪ್ ಗೆಲ್ಲಿಸಿಕೊಡಬೇಕೆಂಬುದು ಅವನ ಆಸೆ.

ಮಧ್ಯಾಹ್ನ ನಾರ್ತ್ ಕ್ಯಾರೊಲಿನಾದ ಮರದ ನೆರಳಲ್ಲಿ ಪುಳಿಯೋಗರೆ ಬಿಚ್ಚಿದೆವು. ಕೆಂಜಿ ನಮಗೋಸ್ಕರ ಮೀನು ಹಾಕದೆ ಅನ್ನದ ಉಂಡೆ ಕಟ್ಟಿ ತಂದಿದ್ದ.

“ಒಳಗಡೆ ಉಪ್ಪಿನಕಾಯಿ ಹೈಡ್ ಮಾಡಿದ್ದಾನೆ ಕಣ್ರೋ!” ಎಂದ ಸತೀಶ. ಎಂಥಾ ಊಟ ಅದು!

ಜಾರ್ಜಿಯಾದ ಕೆಂಪು ಮಣ್ಣು ಕಾದಿತ್ತು. ಶನಿವಾರದ ಪಂದ್ಯಗಳನ್ನೆಲ್ಲ ಗೆದ್ದೆವು. ಭಾನುವಾರದ ಫೈನಲ್ ಸಮಸಮವಾಗಿ ಮುಗಿಯುತ್ತಿದ್ದಾಗ ಬದಿಯಿಂದ ಚೆಂಡು ಬಂತು. ತಡೆಯಲು ಕೆಂಜಿ ಕಾಲು ಚಾಚಿದ. ಚೆಂಡು ಅವನ ಕಾಲಿಗೆ ತಾಗಿ ನಮ್ಮದೇ ಗೋಲಿಗೆ ನುಗ್ಗಿತು. ಸೋತೆವು. ಅವನು ಒಬ್ಬೊಬ್ಬರ ಮುಂದೆಯೂ ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. ನನಗೆ ಕಪ್ ಹೋದದ್ದಕ್ಕಿಂತ ಅದನ್ನು ನೋಡಿಯೇ ಹೆಚ್ಚು ಸಂಕಟವಾಯಿತು.

ಮಧ್ಯಾಹ್ನವೇ ಮರಳಿ ಹೊರಟೆವು. ಸೌತ್ ಕ್ಯಾರೊಲಿನಾದಲ್ಲಿ ಪೀಚ್ ಹಣ್ಣಿನಂತೆ ಕಟ್ಟಿದ ನೀರಿನ ಟ್ಯಾಂಕ್ ಬಂದಾಗಲೂ ಯಾರೂ ಕ್ಯಾಮೆರಾ ತೆಗೆಯಲಿಲ್ಲ.

“ಈ ಶನಿವಾರ ನಾನು ಬರಲ್ಲ. ಪ್ಯಾಕಿಂಗ್ ಇದೆ,” ಎಂದು ಕೆಂಜಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಅವನ ಸಾಮಾನೆಲ್ಲ ಸೂಟ್‌ಕೇಸುಗಳಲ್ಲಿ ಆಗಲೇ ತುಂಬಿದ್ದನ್ನು ನಾನು ಕಂಡಿದ್ದೆ. ಹೀಗೆಯೇ ತಲೆತಗ್ಗಿಸಿಕೊಂಡು ಊರಿಗೆ ಹೋಗಿಬಿಡುತ್ತಾನಲ್ಲ ಎಂದುಕೊಂಡೆ.

ಸಂಜೆ ನಾರ್ತ್ ಕ್ಯಾರೊಲಿನಾದ ರೆಸ್ಟ್ ಏರಿಯಾದಲ್ಲಿ ನಿಂತೆವು. ಬಸವರಾಜ ಚೆಂಡು ಹೊರತೆಗೆದ. “ಕಾಲು ಹಿಡ್ಕೊಂಡಾವ. ಬರ್ರಿ, ಒಂದೀಟು ಆಡೂಣು.”

ಕೆಂಜಿ ವ್ಯಾನಿನ ಬಾಗಿಲಲ್ಲೇ ಉಳಿದ.

“ಇವತ್ತು ನಾನು ಕ್ಯಾಪ್ಟನ್,” ಎನ್ನುತ್ತ ಸತೀಶ ನನ್ನನ್ನು ಪಕ್ಕಕ್ಕೆ ಸರಿಸಿದ. ನಾಣ್ಯ ಚಿಮ್ಮಿಸಿದ, ಗೆದ್ದ. ತಿರುಗಿಯೂ ನೋಡದೆ, “ಕೆಂಜಿ!” ಎಂದು ಕೂಗಿದ. “ಇಷ್ಟು ದಿನ ಇವನ ಎದುರು ಆಡಿ ಸಾಕಾಗಿದೆ. ಇವತ್ತಾದ್ರೂ ನನ್ ಹಿಂದೆ ಇರ್ಲಿ.”

“ಏ, ಇದು ಮೋಸ ಐತಿ!” ಎಂದು ಗೊಣಗುತ್ತ ಬಸವರಾಜ ನನ್ನನ್ನು ತನ್ನ ಕಡೆಗೆ ಕರೆದುಕೊಂಡ.

ಕೆಂಜಿ ಕೆಳಗಿಳಿದು ಆಟಕ್ಕೆ ಮುನ್ನ ಎಂದಿನಂತೆ ಹುಲ್ಲಿಗೆ ತಲೆಬಾಗಿಸಿ, ಗೋಲ್ ಕಂಬಗಳಾಗಿ ಇಟ್ಟಿದ್ದ ನಮ್ಮ ಚಪ್ಪಲಿಗಳ ಮುಂದೆ ನಿಂತ. ನಮಗೆ ಒಂದು ಗೋಲೂ ಹೊಡೆಯಲಾಗಲಿಲ್ಲ. ಅಷ್ಟು ಖುಷಿಯಿಂದ ನಾನು ಮತ್ತೆಂದೂ ಸೋತಿಲ್ಲ.

ವರ್ಜೀನಿಯಾ ಗಡಿ ದಾಟುವಾಗ ಕೆಂಜಿ ಹಿಂದಿನ ಸೀಟಿನಿಂದ ನನ್ನ ಹೆಗಲು ತಟ್ಟಿದ.

“ಶನಿವಾರ ಎಷ್ಟು ಗಂಟೆಗೆ?”