ಅಂಗೈ ಹುಣ್ಣಿಗೆ ಬಣ್ಣದ ಪಟ್ಟಿ

ಅವನನ್ನು ಎಲ್ಲರೂ ಕೊಳದಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕ್ಲಬ್ಬಿನ ಈಜುಕೊಳ ಕಟ್ಟುವಾಗ ಮಣ್ಣು ಹೊರಲು ಬಂದವನು, ನೀರು ಬಿಟ್ಟ ದಿನ ದಂಡೆಯ ಮೇಲೆ ನಿಂತ. ನಿಂತವನು ಮೀಸೆ ನರೆತರೂ ಅಲ್ಲಿಂದ ಕದಲಲಿಲ್ಲ. ವಿಚಿತ್ರವೆಂದರೆ ಅವನಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲು ಮುಳುಗುವಷ್ಟು ನೀರಿಗೂ ಅವನು ಇಳಿದವನಲ್ಲ. "ಹೋಟ್ಲಲ್ಲಿ ಕೆಲಸ ಮಾಡ್ಕೊಂಡು ಉಪವಾಸ ಇರೋನು ನೀನು" ಎಂದು ಅವನ ಅಕ್ಕ ಕಿಚಾಯಿಸುತ್ತಿದ್ದಳು.

ಈಜದಿದ್ದರೇನು, ನೀರಿನ ನಾಡಿ ಹಿಡಿಯುವುದರಲ್ಲಿ ಅವನು ಎತ್ತಿದ ಕೈ. ಬೆಳಿಗ್ಗೆ ಕೊಳದ ಆಳದ ಕಡೆ ಒಂದು ನಾಣ್ಯ ಬೀಳಿಸುತ್ತಿದ್ದ. ದಂಡೆಯ ಮೇಲೆ ನಿಂತು ಅದರ ಯಾವ ಮುಖ ಮೇಲಿದೆ ಎಂದು ಕಾಣಿಸಿದರೆ ಆ ದಿನ ನೀರು ಸರಿ. ಕಾಣಿಸದಿದ್ದರೆ ಊಟ ಸೇರುತ್ತಿರಲಿಲ್ಲ. ಬಣ್ಣದ ಪಟ್ಟಿಯನ್ನು ನೀರಿಗೆ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ, ಕ್ಷಾರ ಏರಿದ್ದರೆ ಆಸಿಡ್ ಹನಿಸಿ ಇಳಿಸುವುದು, ಇಳಿದಿದ್ದರೆ ಸೋಡಾ ಹಾಕಿ ಏರಿಸುವುದು. ಅವನ ಶಾಸ್ತ್ರವೆಲ್ಲ ಇಷ್ಟೇ. ಏರಿದ್ದನ್ನು ಇಳಿಸು, ಇಳಿದದ್ದನ್ನು ಏರಿಸು.

ಕೊಳದ ಹಿಂದೆ ತಗಡಿನ ಮಾಡಿನ ಒಂದು ಕೋಣೆಯಿತ್ತು. ಒಂದು ಮೂಲೆಯಲ್ಲಿ ಕ್ಲೋರಿನ್ ಪುಡಿಯ ಡ್ರಮ್ಮುಗಳು. ನಡುವೆ ಇಟ್ಟಿಗೆಯ ಗೋಡೆ. ಗೋಡೆಯಾಚೆ ಆಸಿಡ್ ಕ್ಯಾನುಗಳು. ತೋಟದವನು ಒಮ್ಮೆ ತನ್ನ ಗುದ್ದಲಿ ಇಡಲು ಜಾಗ ಸಾಲದೆ ಆಸಿಡ್ ಕ್ಯಾನನ್ನು ಡ್ರಮ್ಮಿನ ಪಕ್ಕಕ್ಕೆ ಸರಿಸಿದ್ದ. ಕೊಳದಣ್ಣ ಕೂಗಾಡಿಬಿಟ್ಟ.

"ಅವೆರಡೂ ಸವತಿಯರು ಕಣೋ! ಒಂದೇ ಸೂರಿನ ಕೆಳಗಿದ್ರೂ ಮುಖಾಮುಖಿ ಆಗಬಾರದು. ಆದ್ರೋ, ನಿನ್ನ ಉಸಿರೇ ನಿಲ್ಲಿಸ್ತಾರೆ."

"ನಮ್ಮನೇಲಿ ಒಬ್ಬಳೇ ಇರೋದು ಕೊಳದಣ್ಣ. ಆದ್ರೂ ನಂಗೆ ಉಸಿರು ನಿಲ್ಲತ್ತೆ" ಎಂದ ತೋಟದವನು, ಕ್ಯಾನನ್ನು ಮೊದಲಿನ ಜಾಗದಲ್ಲಿಟ್ಟು.

ಕೆಟ್ಟ ಗಳಿಗೆ ಬಂದದ್ದು ಒಂದು ಡ್ರಮ್ಮಿನ ಮುಚ್ಚಳದಿಂದ. ಮುಚ್ಚಳ ಸರಿಯಾಗಿ ಕೂರದೆ ತೇವ ಹೊಕ್ಕು, ಪುಡಿ ಕಲ್ಲಿನಂತೆ ಗಟ್ಟಿಯಾಗಿತ್ತು. ರಬ್ಬರ್ ಕೈಗವಸಿನ ಎರಡು ಬೆರಳು ಹರಿದಿದ್ದವು. ಹೊಸ ಜೊತೆ ಕೇಳಿದರೆ ಕ್ಲಬ್ಬಿನವರು ನಾಳೆ ಎನ್ನುತ್ತಾರೆ, ನೀರು ನಾಳೆಯವರೆಗೆ ಕಾಯುತ್ತದೆಯೇ? ಹರಿದದ್ದನ್ನೇ ತೊಟ್ಟು ಗಡ್ಡೆಗಳನ್ನು ಕೈಯಿಂದಲೇ ಪುಡಿ ಮಾಡಿದ. ಪುಡಿ ತೂತಿನಿಂದ ಒಳಕ್ಕೆ ಇಳಿಯಿತು. ಒಳಗೆ ಬೆವರಿತ್ತು. ಬೆವರೂ ಪುಡಿಯೂ ಕೂಡಿ, ಬಿಸಿ ಬೂದಿಯಲ್ಲಿ ಕೈಯಿಟ್ಟ ಹಾಗೆ ಅಂಗೈ ಚುರುಗುಟ್ಟಿತು. ಕೈಗವಸು ಕಿತ್ತೆಸೆದು ಓಡಿದವನು ಎರಡೂ ಕೈಗಳನ್ನು ಕೊಳದ ನೀರಿನಲ್ಲೇ ಅದ್ದಿ ಹಿಡಿದ. ಪಕ್ಕದಲ್ಲೇ ನಲ್ಲಿಯಿತ್ತು. ಆದರೆ ಸಾವಿರ ಜನ ಮೀಯುವ ನೀರು, ತಾನೇ ಹದ ಮಾಡಿದ ನೀರು, ತನ್ನ ಕೈಗೆ ಆಗಿಬರದೆ ಇರುತ್ತದೆಯೇ ಎಂಬ ಗುಮಾನಿಯಿಲ್ಲದ ನಂಬಿಕೆ. ಅದೇ ಪುಡಿ ಆ ನೀರಿನಲ್ಲೂ ಇದೆ ಎಂಬುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಗೊತ್ತಿದ್ದೂ ಹೊಳೆಯಲಿಲ್ಲ.

ಸಂಜೆಗೆ ತುರಿಕೆ. ಮರುದಿನ ಕೆಂಪು. ಆಮೇಲೆ ಸಾಸಿವೆಯಂಥ ನೀರುಗುಳ್ಳೆಗಳು ಬೆರಳ ಸಂದಿಯಿಂದ ಮೊಣಕೈವರೆಗೂ ಹತ್ತಿದವು. ಬಿಸಿಲು ತಲೆ ಒಡೆಯುವ ಕಾಲದಲ್ಲಿ ಕೊಳದಣ್ಣ ತುಂಬುತೋಳಿನ ಅಂಗಿ ತೊಟ್ಟು ಬಂದ.

"ಏನು ಕೊಳದಣ್ಣ, ಮದುವೆ ಗಂಡಿನ ಥರ?" ಎಂದ ತೋಟದವನು.

"ಹೂಂ, ನಿನ್ನ ತಂಗಿ ಇದ್ರೆ ನೋಡು" ಎಂದು ಮಾತು ಹಾರಿಸಿಬಿಟ್ಟ.

ಕೆಲಸ ಹೋದೀತೆಂದು ಅವನು ಕೈ ಮುಚ್ಚಿಟ್ಟದ್ದಲ್ಲ. ಹಿಂದೊಮ್ಮೆ ಯಾರದೋ ಮಗುವಿನ ಕತ್ತಿನ ಮೇಲೆ ನಾಲ್ಕು ಗುಳ್ಳೆ ಎದ್ದದ್ದಕ್ಕೆ ಅದರ ತಾಯಿ ದಂಡೆಯ ಮೇಲೆ ನಿಂತು ನೀರು ಕೊಳೆತಿದೆ ಎಂದು ಅರಚಿದ್ದಳು. ಗುಳ್ಳೆ ಎದ್ದದ್ದು ಬೆವರಿನಿಂದ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಕೊಳ ಭಣಗುಟ್ಟಿ, ಎಲೆ ಬಿದ್ದರೆ ಸದ್ದು ಕೇಳುವಂತಾಗಿತ್ತು. ಈಗ ಕೊಳ ಕಾಯುವವನ ಕೈಯೇ ಹೀಗಿದೆ ಎಂದರೆ? ನೀರಿಗೆ ಕೆಟ್ಟ ಹೆಸರು ಬರುತ್ತದೆ. ನೀರಿಗೆ ಬಂದರೆ ತನಗೆ ಬಂದ ಹಾಗೆ. ಅವನ ಹತ್ತಿರ ಇದ್ದದ್ದು ಆ ಒಂದೇ ಹೆಸರು.

ಹಾಗಾಗಿ ಮದ್ದನ್ನೂ ತಾನೇ ಮಾಡಿಕೊಳ್ಳಲು ಹೊರಟ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವನು ಬಣ್ಣದ ಪಟ್ಟಿ ಹಿಡಿದ. ಕೋಣೆಯ ಬಾಗಿಲು ಮುಂದಕ್ಕೆಳೆದು, ಅಂಗೈಯನ್ನು ಒದ್ದೆ ಮಾಡಿ, ಪಟ್ಟಿಯನ್ನು ಒತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಬಣ್ಣ ಗಾಢವಾಗಿತ್ತು. ಏರಿದೆ. ಏರಿದ್ದನ್ನು ಇಳಿಸು. ಮಗ್ಗಿನ ತುಂಬ ನೀರು ಹಿಡಿದು ಅದಕ್ಕೆ ಆಸಿಡ್ ಹನಿಸಿ, ಕೈ ಅದ್ದಿದ. ಕಣ್ಣಲ್ಲಿ ನೀರು ಚಿಮ್ಮಿತು. ಸಣ್ಣಗೆ ಒಂದು ಘಾಟು ಮೂಗಿಗೆ ಬಡಿಯಿತು. ಮದ್ದು ಕೆಲಸ ಮಾಡುತ್ತಿದೆ ಎಂದುಕೊಂಡು ಹಲ್ಲು ಕಚ್ಚಿದ. ಮತ್ತೆ ಪಟ್ಟಿ ಒತ್ತಿದರೆ ಬಣ್ಣ ಇಳಿದಿತ್ತು. ಉರಿ ಮಾತ್ರ ಇಳಿಯಲಿಲ್ಲ. ಪಟ್ಟಿಯನ್ನು ನಂಬಿದ, ಕೈಯನ್ನು ನಂಬಲಿಲ್ಲ. ಬೆಳಿಗ್ಗೆ ಪುಡಿ ಹಾಕುವುದು, ಮಧ್ಯಾಹ್ನ ಆಸಿಡ್ ನೀರಿನಲ್ಲಿ ಕೈ ಅದ್ದುವುದು ಎಂದು ವ್ರತ ಹಿಡಿದವನಂತೆ ನಡೆಸಿದ. ಬೆರಳ ತುದಿಗಳು ಒಡೆದು ಬಿರುಕು ಬಿಟ್ಟವು.

ಅಕ್ಕನ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಕೈ ಮಾತ್ರ ಗಟ್ಟಿ. ವಸತಿಗೃಹಗಳಿಗೆ ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ಯಂತ್ರದ ಹೊಲಿಗೆ ಮುಗಿದ ಮೇಲೆ ಅಂಚಿಗೆ ಕೈಹೊಲಿಗೆ. ಬೆರಳಿನ ಅಂದಾಜಿನಲ್ಲೇ ಹೊಲಿಯಬಲ್ಲಳು, ಸೂಜಿಗೆ ದಾರ ಪೋಣಿಸಲಾರಳು. ಹಾಗಾಗಿ ತಮ್ಮ ಕೆಲಸಕ್ಕೆ ಹೊರಡುವ ಮುಂಚೆ ಆ ದಿನಕ್ಕೆ ಬೇಕಾದ ಸೂಜಿಗಳಿಗೆಲ್ಲ ದಾರ ಪೋಣಿಸಿ, ಹತ್ತಿ ತುಂಬಿದ ಸಣ್ಣ ದಿಂಬಿಗೆ ಚುಚ್ಚಿಟ್ಟು ಹೋಗುವುದು ವಾಡಿಕೆ. ದಂಡೆಯಿಂದ ನಾಣ್ಯದ ಮುಖ ಕಾಣುವವನಿಗೆ ಸೂಜಿಯ ಕಣ್ಣು ಎಷ್ಟರದ್ದು!

ಆ ಬೆಳಿಗ್ಗೆ ದಾರದ ತುದಿ ಹಿಡಿಯಲೇ ಆಗಲಿಲ್ಲ. ಬೆರಳಿಗೆ ಮುಟ್ಟಿದ್ದು ತಿಳಿಯುತ್ತಿಲ್ಲ, ತಿಳಿದರೆ ಉರಿ. ಹೇಗೋ ನಾಲ್ಕು ಸೂಜಿ ಪೋಣಿಸಿ ಎದ್ದ. ಸಂಜೆ ಮನೆಗೆ ಬಂದರೆ ಅಕ್ಕ ಹೊಸಿಲಿನಲ್ಲೇ ಕೂತಿದ್ದಳು. ತೊಡೆಯ ಮೇಲೆ ಬಿಳಿ ದಿಂಬಿನ ಚೀಲ.

"ಇದನ್ನ ವಾಪಸ್ ಕಳಿಸಿದ್ರು. ಅಂಚಿನಲ್ಲಿ ಕಲೆ ಇದೆಯಂತೆ. ನಂಗೆ ಕಾಣಲ್ಲ. ಏನು ಕಲೆ ಹೇಳು."

ದಾರದ ಉದ್ದಕ್ಕೂ ಕಂದು ಬಣ್ಣ ಅಂಟಿತ್ತು. ಅವನು ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

"ಮೂಸಿ ನೋಡಿದೆ. ರಕ್ತ. ನನ್ನ ಬೆರಳಂತೂ ಚುಚ್ಚಿಲ್ಲ. ಕೈ ಕೊಡು ಇಲ್ಲಿ."

"ಏನಿಲ್ಲ ಅಕ್ಕ..."

"ಕೊಡೋ ಅಂದ್ರೆ!"

ಅಂಗಿಯ ತೋಳು ಸರಿಸಿ, ಕುರುಡರು ಸವರುವಂತೆ ಅವನ ಅಂಗೈ ಸವರಿದಳು. ಬೆರಳ ತುದಿಯ ಬಿರುಕುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ, ಬೈಗುಳಕ್ಕೆ ಹೆಸರಾದವಳು, ಮೆಲ್ಲಗೆ ಕೇಳಿದಳು, "ಏನು ಹಚ್ಚಿದೀಯ ಇದಕ್ಕೆ?"

ಹೇಳಿದ. ಅವಳು ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಊರಿಗೆಲ್ಲ ಸವತಿಯರ ಕತೆ ಹೇಳ್ತೀಯ. ನಡುವೆ ಗೋಡೆ ಕಟ್ಟಿಸಿದೀಯ. ಆ ಇಬ್ಬರನ್ನೂ ನಿನ್ನ ಕೈಮೇಲೇ ಜಗಳಕ್ಕೆ ಬಿಟ್ಟೆಯಲ್ಲೋ, ಪೆದ್ದಾ!"

ಆಗ ಅವನಿಗೆ ಆ ಘಾಟಿನ ನೆನಪಾಯಿತು. ಮಗ್ಗಿನಿಂದ ಎದ್ದ ಆ ಸಣ್ಣ ಘಾಟು. ಕೋಣೆಯಲ್ಲಿ ಅದು ಬಂದಿದ್ದರೆ ಎಲ್ಲರನ್ನೂ ಹೊರಗೆ ಓಡಿಸುತ್ತಿದ್ದ. ಸ್ವಂತ ಕೈಯಿಂದ ಬಂದದ್ದನ್ನು ಗುರುತಿಸಲಿಲ್ಲ.

ಚರ್ಮದ ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ನೋಡಿದರು. ಅಕ್ಕನೇ ಎಲ್ಲ ಹೇಳಿದಳು.

"ಚರ್ಮ ಈಜುಕೊಳ ಅಲ್ಲ ಕಣ್ರೀ" ಎಂದರು ಡಾಕ್ಟರಮ್ಮ. "ಒಂದು ಸುಡೋದನ್ನ ಇನ್ನೊಂದು ಸುಡೋದು ಆರಿಸಲ್ಲ. ಪುಡಿ ಬಿದ್ರೆ ಒಣಗಿದ್ದನ್ನ ಮೊದಲು ಕೊಡವಬೇಕು. ಅಂಗಿ, ಕೈಗವಸು ಬಿಚ್ಚಬೇಕು. ಆಮೇಲೆ ನಲ್ಲಿ ಕೆಳಗೆ ಕೈ ಹಿಡಿದು ಸುಮ್ನೆ ನಿಲ್ಲಬೇಕು, ಸಾಕು ಅನ್ನಿಸಿದ್ಮೇಲೂ ನಿಲ್ಲಬೇಕು. ಬರೀ ನೀರು. ಆಸಿಡ್ ಬೇಡ, ನಿಂಬೆಹುಳಿ ಬೇಡ, ಯಾವ ಪಂಡಿತರ ಮಾತೂ ಬೇಡ. ಉರಿ ನಿಲ್ಲದಿದ್ರೆ, ಗುಳ್ಳೆ ಎದ್ರೆ, ಅವತ್ತೇ ಇಲ್ಲಿಗೆ ಬನ್ನಿ."

"ಬರೀ ನೀರಾ?" ಎಂದ ಅವನು. ಇಡೀ ಆಯಸ್ಸು ನೀರಿಗೆ ಮದ್ದು ಹಾಕಿದವನಿಗೆ ನೀರೇ ಮದ್ದು ಎಂಬುದು ಗಂಟಲಲ್ಲಿ ಇಳಿಯಲಿಲ್ಲ.

ಮುಲಾಮು ಬರೆದುಕೊಟ್ಟರು. ಏಳುವ ಮುಂಚೆ ಅವನು ಕೇಳಬೇಕಾದ್ದನ್ನು ಕೇಳಿದ. "ಮತ್ತೆ ಕೊಳದ ಕೆಲಸಕ್ಕೆ ಹೋಗ್ಬಹುದಾ ಡಾಕ್ಟ್ರಮ್ಮ?"

"ಮೊದಲು ಕೈ ಕೂಡಲಿ. ಆಮೇಲೆ ಒಳ್ಳೆ ಕೈಗವಸು ಹಾಕ್ಕೊಂಡು ಒಂದು ಸಲ ನೋಡಿ. ಆದ್ರೆ ಹೇಳಿರ್ತೀನಿ, ಇಷ್ಟು ದಿನ ನೋಯಿಸಿದ ಚರ್ಮ ಕೆಲವು ಸಲ ಆ ಪುಡಿ ಜೊತೆ ಜನ್ಮದ ಹಗೆ ಕಟ್ಕೊಂಡುಬಿಡತ್ತೆ. ಸ್ವಲ್ಪ ಸೋಕಿದ್ರೂ ಮತ್ತೆ ಏಳತ್ತೆ. ಹಾಗಾದ್ರೆ ಬಿಡಬೇಕಾಗತ್ತೆ."

ಕೈ ಕೂಡುವವರೆಗೆ ಕೊಳವನ್ನು ತೋಟದವನು ನೋಡಿಕೊಂಡ. ಕೊಳದಣ್ಣನನ್ನು ಗೇಟಿನ ಕುರ್ಚಿಯಲ್ಲಿ ಕೂರಿಸಿದರು. ಕೂತಲ್ಲಿಂದ ನೀರು ಕಾಣುತ್ತಿರಲಿಲ್ಲ, ಮಕ್ಕಳು ಧುಮುಕುವ ಸದ್ದು ಮಾತ್ರ ಕೇಳುತ್ತಿತ್ತು. ತೋಟದವನು ಹೋಗುವಾಗ ಬರುವಾಗ ಮಾತಾಡಿಸುತ್ತಿದ್ದ.

"ನಾಣ್ಯ ಕಾಣುತ್ತೇನೋ?" ಎಂದು ಇವನು ಕೇಳುವುದು.

"ಕಾಣತ್ತೆ ಕೊಳದಣ್ಣ. ಯಾವ ಮುಖ ಅಂತ ಮಾತ್ರ ಕೇಳಬೇಡ."

ಹುಣ್ಣು ಮಾಯಿತು. ಹೊಸ ಚರ್ಮ ಬೆಳ್ಳುಳ್ಳಿಯ ಎಸಳಿನ ಹಾಗೆ ನುಣ್ಣಗೆ ಬಂತು. ಬೆರಳು ಮತ್ತೆ ದಾರ ಹಿಡಿಯಿತು. ಅವನೇ ಸ್ವಂತ ದುಡ್ಡಿನಲ್ಲಿ ದಪ್ಪ ಕೈಗವಸು ತಂದ. ಅಕ್ಕ ಒಳಗೆ ತೊಡಲು ಹತ್ತಿ ಬಟ್ಟೆಯ ಇನ್ನೊಂದು ಜೊತೆ ಹೊಲಿದುಕೊಟ್ಟಳು. ಅದನ್ನೆಲ್ಲ ತೊಟ್ಟು, ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದ. ತೋಟದವನು ಹೊರಗೆ ನಿಂತಿದ್ದ. ಡ್ರಮ್ಮಿನ ಮುಚ್ಚಳ ಮೆಲ್ಲಗೆ ಎತ್ತಿದ. ಅಳತೆಯ ಡಬ್ಬಿಯಿಂದ ಪುಡಿ ತೆಗೆದ. ಒಂದು ಕಣವೂ ಚೆಲ್ಲಲಿಲ್ಲ. ನೀರಿಗೆ ಬೆರೆಸಿ, ದಂಡೆಯ ಸುತ್ತ ನಡೆಯುತ್ತ ಸುರಿದ. ನಾಣ್ಯ ಬೀಳಿಸಿದ. ಮುಖ ಕಂಡಿತು. ನಕ್ಕ.

ಬಿಸಿಲೇರುವ ಹೊತ್ತಿಗೆ ಮಣಿಕಟ್ಟಿನಲ್ಲಿ, ಕೈಗವಸಿನ ಅಂಚು ಮುಗಿಯುವ ಕಡೆ, ಇರುವೆ ಹರಿದ ಹಾಗೆ ಆಯಿತು. ಅಂಚನ್ನು ಕೆಳಕ್ಕೆ ಸರಿಸಿದ. ಬಳೆ ತೊಟ್ಟಂತೆ ಕೆಂಪು. ಗಾಳಿಯಲ್ಲಿ ತೇಲಿದ ಧೂಳು ಎಲ್ಲಿಂದಲೋ ಬಂದು ಕೂತಿತ್ತು, ಅಷ್ಟೇ ಸಾಕಾಗಿತ್ತು.

ಅಂಚನ್ನು ಮತ್ತೆ ಮೇಲಕ್ಕೆಳೆದುಕೊಂಡರೆ ಮುಗಿಯಿತು. ಯಾರೂ ನೋಡಿರಲಿಲ್ಲ. ನಾಳೆಗೆ ತುಂಬುತೋಳಿನ ಅಂಗಿ ಮನೆಯಲ್ಲಿ ಗೂಟಕ್ಕೆ ನೇತಾಡುತ್ತಲೇ ಇತ್ತು. ಅವನು ಅಂಗಿಯನ್ನೂ ಕೈಗವಸನ್ನೂ ಬಿಚ್ಚಿಟ್ಟು ನಲ್ಲಿಯ ಕೆಳಗೆ ಕೈ ಹಿಡಿದ. ಸಾಕು ಅನ್ನಿಸಿದ ಮೇಲೂ ನಿಂತ. ತೋಟದವನು ಬಂದು ಪಕ್ಕದಲ್ಲಿ ನಿಂತದ್ದೂ ಅವನಿಗೆ ತಿಳಿಯಲಿಲ್ಲ.

"ಕೊಳದಣ್ಣ, ನಲ್ಲಿ ನಿಲ್ಲಿಸ್ಲಾ?"

ಅವನು ಸೊಂಟದ ಬೀಗದಕೈ ಬಿಚ್ಚಿ ಕೊಟ್ಟ. "ಸವತಿಯರನ್ನ ನೋಡ್ಕೋ. ಹರಿದ ಕೈಗವಸು ಹಾಕ್ಕೋಬೇಡ. ಹೊಸದಕ್ಕೆ ನಾಳೆ ಬಾ ಅಂದ್ರೆ ನೀರೇ ನಾಳೆವರೆಗೆ ಕಾಯ್ಲಿ."

ತೋಟದವನು ಬೀಗದಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಈಗಲೂ ಅವನು ಗೇಟಿನಲ್ಲಿ ಕೂರುತ್ತಾನೆ. ಜನ ಈಗಲೂ ಕೊಳದಣ್ಣ ಎಂದೇ ಕರೆಯುತ್ತಾರೆ. ಅವನು ಮಾತ್ರ ಎರಡನೇ ಸಲ ಕರೆದರಷ್ಟೇ ತಿರುಗುತ್ತಾನೆ. ಬೆಳಿಗ್ಗೆ ಮೊದಲಿನಂತೆ ಓಡುವ ಅವಸರವಿಲ್ಲ. ಮನೆ ಬಾಗಿಲ ಬೆಳಕಿಗೆ ಕೂತು ಅಕ್ಕನ ಸೂಜಿಗಳನ್ನು ಪೋಣಿಸುತ್ತಾನೆ. ಮೊನ್ನೆ ಅಷ್ಟೂ ಸೂಜಿ ಪೋಣಿಸಿ ಮುಗಿಸಿದ. ಹತ್ತಿಯ ದಿಂಬಿನ ತುಂಬ ಬಿಳಿ ದಾರಗಳು ಗಾಳಿಗೆ ಅಲುಗುತ್ತಿದ್ದವು.

"ಸಾಕು ಬಿಡೋ" ಎಂದಳು ಅಕ್ಕ. "ಇವತ್ತು ಹೊಲಿಯೋಕೆ ಅಷ್ಟೊಂದಿಲ್ಲ."

ಅವನು ಹೂಂ ಎಂದ. ಒಂದು ಸೂಜಿ ಕಿತ್ತು, ದಾರವನ್ನು ಎಳೆದು ತೆಗೆದು, ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಮತ್ತೆ ಪೋಣಿಸತೊಡಗಿದ.